ಎದುರು ಪಕ್ಷದ ಕೆರೆ

ನಮ್ಮ ಮನೆಯ ಹೆಂಚಿನ ಮಾಡಿನ ಉತ್ತರದ ಇಳಿಜಾರಿಗೆ ಬಿದ್ದ ಮಳೆ ಕಾವೇರಿಗೆ ಹೋಗುತ್ತದೆ, ದಕ್ಷಿಣದ ಇಳಿಜಾರಿಗೆ ಬಿದ್ದದ್ದು ಕಪಿಲೆಗೆ ಹೋಗುತ್ತದೆ, ಒಂದೇ ಮಾಡಿನಿಂದ ಅಗಲಿದ ಹನಿಗಳು ತಿರುಮಕೂಡಲಿನಲ್ಲಿ ಮತ್ತೆ ಕೂಡುತ್ತವೆ ಎಂದು ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಹೇಳುತ್ತಿದ್ದೆ. ಮೈಸೂರು ಎರಡು ನದಿಗಳ ನಡುವಿನ ದಿಣ್ಣೆಯ ಮೇಲೆ ಕುಳಿತಿರುವುದು ನಿಜ. ಆ ದಿಣ್ಣೆಯ ನೆತ್ತಿ ಸರಿಯಾಗಿ ನಮ್ಮ ಮಾಡಿನ ಮೇಲೆಯೇ ಹಾದುಹೋಗುತ್ತದೆಯೇ ಎಂಬುದನ್ನು ಮಾತ್ರ ನಾನು ಎಂದೂ ಪರೀಕ್ಷಿಸಿರಲಿಲ್ಲ. ಮಾತು ಚೆನ್ನಾಗಿತ್ತು, ತೀರ್ಪುಗಾರರು ತಲೆದೂಗುತ್ತಿದ್ದರು, ನನಗೆ ಅಷ್ಟು ಸಾಕಾಗಿತ್ತು. ಹಾಗೆ ಗೆದ್ದ ಬೆಳ್ಳಿಯ ಬಟ್ಟಲುಗಳು ಅಪ್ಪನ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತಿದ್ದವು.

ಸ್ವಾತಂತ್ರ್ಯ ಬಂದು ಹತ್ತು ವರ್ಷಗಳು ತುಂಬಿರಲಿಲ್ಲ. ಬಿ.ಎ. ಮುಗಿಸಿದ ಹುಡುಗಿಯರು ಉಪಾಧ್ಯಾಯಿನಿಯರಾಗುತ್ತಿದ್ದರು, ಇಲ್ಲವೇ ಮದುವೆಯಾಗುತ್ತಿದ್ದರು. ನಾನು ಸಮಾಜ ಶಿಕ್ಷಣ ಸಂಘಟಕಿಯಾದೆ. ನಗರದ ಸುತ್ತಲಿನ ಹಳ್ಳಿಗಳಲ್ಲಿ ಸಹಕಾರ ಸಂಘಗಳ ವಿಚಾರ ತಿಳಿಸುವುದು ನನ್ನ ಕೆಲಸ. ಆ ದಿನಗಳ ಹುರುಪನ್ನು ಇಂದಿನವರಿಗೆ ವಿವರಿಸುವುದು ಕಷ್ಟ. ಬೆಳಗ್ಗೆ ಬಸ್ಸು ಹತ್ತುವಾಗ ದೇಶವನ್ನೇ ಕಟ್ಟಲು ಹೊರಟಿದ್ದೇನೆ ಎಂದು ನಾನು ಮನಸ್ಸಾರೆ ನಂಬಿದ್ದೆ. ನದಿಯ ಬಗ್ಗೆ ನನ್ನದೊಂದು ಸಿದ್ಧಾಂತವೂ ಇತ್ತು. ದೊಡ್ಡ ನದಿಯ ಆರೋಗ್ಯವಿರುವುದು ದೊಡ್ಡ ಅಣೆಕಟ್ಟಿನಲ್ಲಷ್ಟೇ ಅಲ್ಲ. ಅದಕ್ಕೆ ನೀರು ತರುವ ಸಾವಿರ ಹಳ್ಳಗಳಲ್ಲಿ, ಆ ಹಳ್ಳಗಳನ್ನು ಹಿಡಿದು ಬಿಡುವ ಕೆರೆಗಳಲ್ಲಿ, ಆ ಕೆರೆಗಳನ್ನು ಹಂಚಿಕೊಳ್ಳುವ ಜನರ ಹೊಂದಾಣಿಕೆಯಲ್ಲಿ ಅದು ಇದೆ. ಈ ಸಿದ್ಧಾಂತವನ್ನು ನಾನು ಇಂದಿಗೂ ಬಿಟ್ಟಿಲ್ಲ. ಅದನ್ನು ಕಲಿತದ್ದು ಪುಸ್ತಕದಿಂದ ಎಂದು ಅಂದು ತಿಳಿದಿದ್ದೆ. ನಿಜವಾಗಿ ಕಲಿತದ್ದು ಆಮೇಲೆ, ಒಬ್ಬ ನೀರುಗಂಟಿಯಿಂದ.

ಅವರು ಒಂದು ಆಷಾಢದ ಬೆಳಗ್ಗೆ ನಮ್ಮ ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಐವತ್ತರ ಮೇಲಿನ ವಯಸ್ಸು, ಮೊಣಕಾಲಿನವರೆಗೆ ಕಟ್ಟಿದ ಪಂಚೆ, ಕೈಯಲ್ಲಿ ಎದೆಯುದ್ದದ ಬಿದಿರು ಕೋಲು. ಬನ್ನಿಮಂಟಪದಿಂದ ಆಚೆ, ನಗರದ ಅಂಚಿಗೆ ತಗುಲಿಕೊಂಡಿದ್ದ ಒಂದು ಸಣ್ಣ ಊರಿನ ಕೆರೆಯನ್ನು ನೋಡಿಕೊಳ್ಳುವವರು. ತೂಬು ತೆರೆಯುವುದು, ಮುಚ್ಚುವುದು, ಗದ್ದೆಗದ್ದೆಗೂ ಸರದಿಯ ಮೇಲೆ ನೀರು ಬಿಡುವುದು ಅವರ ತಾತನ ಕಾಲದಿಂದ ಬಂದ ಕೆಲಸ. ಒಳಗೆ ಬಂದು ಕುಳಿತುಕೊಳ್ಳಿ ಎಂದೆ. ಅವರು ಕುರ್ಚಿಯನ್ನು ಒಮ್ಮೆ ನೋಡಿ ಹೊಸ್ತಿಲ ಆಚೆಯೇ ನಿಂತರು.

"ಅವ್ವಾವ್ರೇ, ನಮ್ ಕೆರೇನ ಸೈಟು ಮಾಡ್ತಾರಂತೆ."

ವಿಷಯ ಇಷ್ಟು. ನಗರ ಬೆಳೆಯುತ್ತಿತ್ತು, ಬಡಾವಣೆಗೆ ಜಾಗ ಬೇಕಿತ್ತು. ಅವರ ಕೆರೆ ಕೆಲವು ವರ್ಷಗಳಿಂದ ತುಂಬಿರಲಿಲ್ಲ. ಕಚೇರಿಯ ಓವರ್‌ಸೀಯರ್ ಬಂದು ಏರಿಯ ಮೇಲೆ ನಿಂತು, ಈ ವರ್ಷದ ಮಳೆಗಾಲದೊಳಗೆ ಕೆರೆ ಕೋಡಿ ಬೀಳದಿದ್ದರೆ ಅದನ್ನು ಕೆರೆಗಳ ಪಟ್ಟಿಯಿಂದ ತೆಗೆದುಹಾಕಲಾಗುವುದು ಎಂದು ಹೇಳಿಹೋಗಿದ್ದರು. ತುಂಬಿದ ಕೆರೆಯ ಹೆಚ್ಚಿನ ನೀರು ಹೊರಬೀಳುವ ಕಲ್ಲಿನ ಬಾಯಿಯೇ ಕೋಡಿ. ಅಲ್ಲಿಂದ ಬಿದ್ದ ನೀರು ಹಳ್ಳವಾಗಿ ಮುಂದೆ ಕಾವೇರಿ ಸೇರಬೇಕು. ಆ ಹಳ್ಳದಲ್ಲೀಗ ಜಾಲಿ ಬೆಳೆದಿತ್ತು.

"ಕೆರೆ ಅಂದ್ಮೇಲೆ ನೀರಿರ್ಬೇಕು ಅಂದ್ರು. ದಿಟವೇ ಅಲ್ವಾ? ಆದ್ರೆ ನಾನೆಲ್ಲಿಂದ ತರ್ಲಿ? ಮೇಗ್ಲೂರೋರು ಅವ್ರ ಕೋಡಿಗೆ ಕಲ್ಲು ಜಡ್ದು ಒಂದು ಮೊಳ ಏರ್ಸ್‌ಬುಟ್ಟವ್ರೆ. ಅಲ್ಲಿಂದ ಒಂದು ತೊಟ್ಟೂ ಇಳ್ಯಾಕಿಲ್ಲ." ಅವರು ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ಕೆರೆ ಓಗ್ಬುಟ್ರೆ ನಾನೇನ್ ಮಾಡ್ಲಿ, ಅವ್ವಾವ್ರೇ? ಸೈಟುಗೊಳ್ಗೆ ಸರದಿ ಮ್ಯಾಲೆ ನೀರು ಬುಡಾಕಾಯ್ತದಾ?"

ಮೇಗಲೂರು ಎಂದರೆ ಇಲವಾಲದ ಕಡೆಯ ದಿಣ್ಣೆಗಳ ನಡುವಿನ ಹಳ್ಳಿ. ಅಲ್ಲಿನ ಕೆರೆ ತುಂಬಿ ಹರಿದರೆ ಮಾತ್ರ ಇವರ ಕೆರೆಗೆ ನೀರು. ಕೇಳುತ್ತಿದ್ದಂತೆ ನನ್ನ ಮೈಯಲ್ಲಿ ಮಿಂಚು ಹರಿಯಿತು. ನನ್ನ ಸಿದ್ಧಾಂತ ತಾನಾಗಿಯೇ ಕೋಲು ಹಿಡಿದು ಬಾಗಿಲಿಗೆ ಬಂದಿತ್ತು!

ಎರಡೂ ಊರಿನವರನ್ನು ಬನ್ನಿಮಂಟಪದ ಹತ್ತಿರದ ಒಂದು ಛತ್ರಕ್ಕೆ ಕರೆಸಿದೆ. ಮೇಗಲೂರಿನಿಂದ ಪಟೇಲರು ಹದಿನೈದು ಜನರೊಂದಿಗೆ ಬಂದರು. ದೊಡ್ಡ ಮೈಕಟ್ಟು, ಬಿಳಿ ಮೀಸೆ, ಹೆಗಲ ಮೇಲೆ ಮಡಿಕೆ ಕೆಡದ ವಲ್ಲಿ. ನಾನು ಎದ್ದು ನಿಂತು ನದಿಯಿಂದ ಆರಂಭಿಸಿ, ಮಾಡಿನ ಎರಡು ಇಳಿಜಾರುಗಳ ಮೇಲೆ ಹಾದು, ಕೋಡಿಯ ಕಲ್ಲಿನ ಎತ್ತರವನ್ನು ಯಾರೂ ತಮ್ಮಿಷ್ಟದಂತೆ ಬದಲಿಸಬಾರದೆಂಬ ಹಳೆಯ ನಿಯಮಕ್ಕೆ ಬಂದು ನಿಂತೆ.

ಪಟೇಲರು ಸಮಾಧಾನವಾಗಿಯೇ, "ಬ್ಯಾಸ್ಗೇಲಿ ನಮ್ಗೇ ನೀರು ಸಾಲಾಕಿಲ್ಲ ಕಣಮ್ಮಣ್ಣಿ," ಎಂದರು.

ಅಂಥ ಒಂದು ವಾಕ್ಯಕ್ಕಾಗಿಯೇ ನಾನು ಕಾದಿದ್ದೆ. "ನಿಮ್ಮ ತಾತಂದಿರಿಗೆ ಇದೇ ಕೆರೆಯ ನೀರು ಸಾಲುತ್ತಿತ್ತು. ಈಗೇಕೆ ಸಾಲದು? ಕೆರೆ ಕುಗ್ಗಿತೇ? ಗದ್ದೆ ಹಿಗ್ಗಿತೇ? ಅಥವಾ ಪಟೇಲರೇ, ಆಸೆ ಹಿಗ್ಗಿತೇ?"

ಪಟೇಲರು ಬಾಯಿ ತೆರೆದರು. ಏನೋ ಹೇಳಲು ಹೊರಟವರು ತಮ್ಮವರ ಮುಖ ನೋಡಿ ಬಾಯಿ ಮುಚ್ಚಿದರು. ಕೆಳಗಿನ ಊರಿನವರು ಚಪ್ಪಾಳೆ ತಟ್ಟಿದರು, ಯಾರೋ ಸಿಳ್ಳೆಯನ್ನೂ ಹಾಕಿದರು. ಬೆಳ್ಳಿಯ ಬಟ್ಟಲು ಕೈಗೆ ಬಂದಾಗಿನ ಹಿತವೇ ನನ್ನ ಅಂಗೈಗೆ ತಗುಲಿತು. ಪಟೇಲರು ವಲ್ಲಿ ಕೊಡವಿ ಎದ್ದರು.

"ಚೆಂದಾಗಿ ಮಾತಾಡ್ತೀರಿ ಅಮ್ಮಣ್ಣಿ. ನಿಮ್ಮನ್ನ ಓದ್ಸಿದೋರ್ಗೆ ಪುಣ್ಯ ಬರ್ಲಿ. ಏಳ್ರಲಾ, ಬಸ್ಸು ತಪ್ಪೋಯ್ತದೆ."

ಮುಂದಿನ ವಾರ ನೀರುಗಂಟಿಯವರು ಮತ್ತೆ ಹೊಸ್ತಿಲ ಆಚೆ ನಿಂತಿದ್ದರು. "ಗೆದ್ಬುಟ್ರಿ ಅವ್ವಾವ್ರೇ," ಎಂದರು. ದನಿಯಲ್ಲಿ ಕುಹಕವಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಾಗಿರುತ್ತಿತ್ತು. "ಮೇಗ್ಲೂರೋರು ಕೋಡಿ ಮ್ಯಾಲೆ ಇನ್ನೊಂದು ವರ್ಸೆ ಕಲ್ಲು ಕೂರ್ಸವ್ರೆ."

ಆ ಮಧ್ಯಾಹ್ನ ಅಪ್ಪನ ಬೀರುವಿನ ಮುಂದೆ ನಿಂತು ಬಟ್ಟಲುಗಳನ್ನು ಒಂದೊಂದಾಗಿ ನೋಡಿದೆ. ಅವುಗಳ ಪಕ್ಕದಲ್ಲಿ ಬಟ್ಟಲೇ ಇಲ್ಲದ ಒಂದು ನೆನಪು ಇತ್ತು. ಕಾಲೇಜಿನಲ್ಲಿ ನಮಗೆ ಚರ್ಚೆ ಕಲಿಸುತ್ತಿದ್ದ ಅಧ್ಯಾಪಕಿ ಶನಿವಾರದ ಅಭ್ಯಾಸದಲ್ಲಿ ಒಂದು ಪದ್ಧತಿ ಇಟ್ಟಿದ್ದರು. ನಮ್ಮ ಪಕ್ಷವನ್ನು ಮಂಡಿಸಿದ ಮೇಲೆ ಎದ್ದು, ಸಭಾಂಗಣದ ಆಚೆ ಬದಿಗೆ ನಡೆದು, ಎದುರಾಳಿಯ ಬೆಂಚಿನಲ್ಲಿ ಕುಳಿತು, ಎದುರಾಳಿಯ ಪಕ್ಷವನ್ನು ಮಂಡಿಸಬೇಕು. ತೀರ್ಪುಗಾರರಿಲ್ಲ. "ನನ್ನ ಮಾತನ್ನು ನನಗಿಂತ ಚೆನ್ನಾಗಿ ಹೇಳಿದಳು," ಎಂದು ಎದುರಾಳಿಯೇ ಒಪ್ಪಿದರೆ ಗೆಲುವು. ನಾವು ಆ ಶನಿವಾರಗಳನ್ನು ದ್ವೇಷಿಸುತ್ತಿದ್ದೆವು. ಅದರಲ್ಲಿ ನಾನು ಒಮ್ಮೆಯೂ ಗೆದ್ದಿರಲಿಲ್ಲ.

ಮರುದಿನವೇ ಹುಣಸೂರು ರಸ್ತೆಯ ಬಸ್ಸು ಹತ್ತಿ ಇಲವಾಲದಲ್ಲಿಳಿದು ಮೇಗಲೂರಿಗೆ ನಡೆದೆ. ಪಟೇಲರು ಜಗಲಿಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು.

"ಓಹೋ, ಲಾಯರಮ್ಮ ಬಂದ್ರು! ಇನ್ನೇನ್ ಬಾಕಿ ಮಡಗಿದ್ರಿ?"

"ಕ್ಷಮೆ ಕೇಳುವುದು ಬಾಕಿ ಇತ್ತು. ನಿಮ್ಮನ್ನು ಹತ್ತು ಜನರ ಮುಂದೆ ಹಂಗಿಸಿದ್ದು ತಪ್ಪು."

ಅವರು ಹಗ್ಗ ಹೊಸೆಯುವುದನ್ನು ನಿಲ್ಲಿಸಿದರು. ಒಳಗೆ ಕೂಗಿ ಮಜ್ಜಿಗೆ ತರಿಸಿದರು. ನಾನು ಕುಡಿದು ಮುಗಿಸುವವರೆಗೆ ಕಾದು, "ಅಷ್ಟಕ್ಕೇ ಬರ್ನಿಲ್ಲ ನೀವು," ಎಂದರು.

"ಇನ್ನೊಂದು ಸಭೆ ಮಾಡೋಣ. ಈ ಸಲ ನಾನು ಮಾತಾಡುವುದಿಲ್ಲ. ಕೆಳಗಿನ ಊರಿನ ಪರವಾಗಿ ನೀವು ಮಾತಾಡಬೇಕು. ನಿಮ್ಮ ಊರಿನ ಪರವಾಗಿ ನೀರುಗಂಟಿಯವರು ಮಾತಾಡುತ್ತಾರೆ."

"ನೀರುಗಂಟಿ ಅವ್ರಾ? ಯಾವ ಅವ್ರು?" ಎಂದು ಪಟೇಲರು ಹುಬ್ಬೇರಿಸಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. "ನನ್ ಪರವಾಗಿ ಅವನು! ನನ್ ಕೆರೆ ವಿಚಾರ ಏನ್ ಗೊತ್ತವ್ವ ಅವನ್ಗೆ?"

"ಗೊತ್ತಿಲ್ಲ. ಅದಕ್ಕೇ ಬಂದು ನೋಡುತ್ತಾರೆ. ನೀವೂ ಹೋಗಿ ನೋಡಬೇಕು. ಕಣ್ಣಾರೆ ಕಾಣದ್ದನ್ನು ಹೇಳುವಂತಿಲ್ಲ. ನೀವು ಚೆನ್ನಾಗಿ ಹೇಳಿದಿರೋ ಇಲ್ಲವೋ ಎಂದು ತೀರ್ಪು ಕೊಡುವವರು ಅವರು. ಅವರಿಗೆ ತೀರ್ಪು ಕೊಡುವವರು ನೀವು."

ಪಟೇಲರು ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಅವನೇನಾದ್ರೂ ನನ್‌ಗಿಂತ ಚೆಂದಾಗಿ ಮಾತಾಡ್ಬುಟ್ರೆ?"

"ಅದು ನಿಮಗೆ ಬಿಟ್ಟದ್ದು."

"ಆಗ್ಲಿ. ನೋಡೇಬುಡಾನ!"

ಮುಂದಿನ ಹದಿನೈದು ದಿನಗಳಷ್ಟು ಸಡಗರದ ದಿನಗಳನ್ನು ನಾನು ಬಾಳಿನಲ್ಲಿ ಹೆಚ್ಚು ಕಂಡಿಲ್ಲ. ಪಟೇಲರು ಕೊಡೆ ಹಿಡಿದು ಕೆಳಗಿನ ಊರಿಗೆ ಬಂದರು. ಒಣಗಿದ ಕೆರೆಯ ಅಂಗಳದಲ್ಲಿ ನಡೆದರು, ಬಾವಿಗಳೊಳಗೆ ಕಲ್ಲು ಹಾಕಿ ಸದ್ದು ಕೇಳಿದರು, ಹಳ್ಳದ ಜಾಲಿಯಲ್ಲಿ ವಲ್ಲಿ ಸಿಕ್ಕಿಸಿಕೊಂಡು ಹರಿದುಕೊಂಡರು. ಬಾವಿಯ ಕಟ್ಟೆಯ ಬಳಿ ಹೆಂಗಸರು ಅವರನ್ನು ಸುಮ್ಮನೆ ಬಿಡಲಿಲ್ಲ.

"ಏನ್ ಪಟೇಲ್ರೇ, ಕಳ್ದೋಗಿರೋ ನೀರು ಉಡುಕ್ತಾ ಇದ್ದೀರಾ? ನಿಮ್ ಮನೇಲೇ ಅದೆ ಕಣ್ರೀ!"

ಆದರೂ ಪಟೇಲರು ಮೂರನೆಯ ದಿನವೂ ಬಂದರು. ನೀರುಗಂಟಿಯವರು ಇತ್ತ ಮೇಗಲೂರಿನ ಕೆರೆಯ ಏರಿಯ ಮೇಲೆ ಕೋಲೂರಿ ಓಡಾಡುತ್ತಿದ್ದರು. ಏನು ಕಂಡಿರಿ ಎಂದು ನಾನು ಕೇಳಿದರೆ, "ಕಪ್ಪೆ ಕಂಡೆ ಅವ್ವಾವ್ರೇ," ಎಂದಷ್ಟೇ ಹೇಳಿದರು.

ಸಭೆಯ ದಿನ ಛತ್ರ ಕಿಕ್ಕಿರಿದಿತ್ತು. ಪಕ್ಷ ಬದಲಾದರೆ ಜಾಗವೂ ಬದಲಾಗಬೇಕು ಎಂಬ ನಿಯಮವನ್ನು ನಾನು ಹೇಳಿದೆ. ಪಟೇಲರು ಎದ್ದು ಕೆಳಗಿನ ಊರಿನವರ ಚಾಪೆಗೆ ನಡೆದರು. ನೀರುಗಂಟಿಯವರು ಪಟೇಲರ ಕುರ್ಚಿಯ ಹತ್ತಿರ ಬಂದು, ಅದರ ಬೆನ್ನಿನ ಮೇಲೆ ಕೈಯನ್ನೂ ಇಡದೆ ನಿಂತುಬಿಟ್ಟರು. ನಿಯಮವನ್ನು ಇನ್ನೊಮ್ಮೆ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಚಾಪೆಯ ಮೇಲಿನಿಂದ ಪಟೇಲರ ದನಿ ಬಂತು.

"ಕೂತ್ಕೊಳ್ಳಲಾ! ಈಗ ನೀನೇ ನಾನು. ನಾನೇನು ಅಂಗೆ ಬೆದ್ರಿಕಂಡು ನಿಂತ್ಕತೀನಾ?"

ಛತ್ರವೆಲ್ಲ ನಕ್ಕಿತು. ನೀರುಗಂಟಿಯವರು ಕೋಲನ್ನು ಗೋಡೆಗೆ ಒರಗಿಸಿ ಕುಳಿತರು.

ಪಟೇಲರು ಮೊದಲು ಮಾತಾಡಿದರು. ಬಾವಿಗಳ ಆಳ ಹೇಳಿದರು, ನೀರಿಗಾಗಿ ಅಗಸರು ಬಟ್ಟೆಯ ಗಂಟು ಹೊತ್ತು ಅಲೆಯುವುದನ್ನು ಹೇಳಿದರು. ಆಮೇಲೆ ದನಿ ತಗ್ಗಿತು. ತಾವು ಎಳೆಯರಾಗಿದ್ದಾಗ ಕೋಡಿ ಬಿದ್ದ ದಿನ ಕಾವೇರಿಯ ಮೀನು ಈ ಹಳ್ಳ ಹಿಡಿದು, ನೀರಿಗೆ ಎದುರಾಗಿ ನೆಗೆಯುತ್ತ, ಈ ಕೆರೆ ದಾಟಿ ಮೇಗಲೂರಿನ ಕೆರೆಯವರೆಗೂ ಬರುತ್ತಿದ್ದುದನ್ನು ನೆನೆದರು. "ಹೊಳೆ ಮೀನು ನಮ್ಮನೆ ಬಾಗ್ಲಿಗೆ ಬರ್ತಿತ್ತು. ಈಗೆಲ್ಲಿಂದ ಬರ್ಬೇಕು? ದಾರೀನೇ ಕಟ್ಬುಟ್ಟವ್ನೆ ಆ ಮೇಗ್ಲೂರ್ ಪಟೇಲ! ಅವನ್ಗೆ ಎಷ್ಟಿದ್ರೂ ಸಾಲ್ದು! ತನ್ ಕೆರೆ ತುಂಬುದ್ರೆ ಸಾಕು, ಹೊಳೆ ಒಣ್ಗೋದ್ರೂ ಅವನ್ಗೇನು?"

ಹೇಳಿ ಮುಗಿಸಿದ ಮೇಲೆಯೇ ಅವರಿಗೆ ತಾವು ಯಾರನ್ನು ಬೈದದ್ದೆಂದು ಹೊಳೆದದ್ದು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನೀರುಗಂಟಿಯವರತ್ತ ತಿರುಗಿ, "ನಿಮ್ಮ ಮಾತನ್ನು ಇವರು ಸರಿಯಾಗಿ ಹೇಳಿದರೇ?" ಎಂದು ಕೇಳಿದೆ.

"ಮೀನಿನ ಮಾತು ನಂಗೂ ಮರ್ತೋಗಿತ್ತು," ಎಂದರು ಅವರು. "ಒಪ್ಪುದೆ."

ಆಮೇಲೆ ಅವರು ಕುರ್ಚಿಯಿಂದ ಏಳದೆಯೇ, ತಮ್ಮ ಕೈಗಳನ್ನು ನೋಡುತ್ತ ಮಾತಾಡಿದರು. "ನಾನು ಪಟೇಲ. ನನ್ ಕೆರೆ ಮಳೆಗಾಲ್ದಲ್ಲಿ ತುಂಬ್ತದೆ, ಸಂಕ್ರಾಂತಿ ಒತ್ಗೆ ಇಳ್ದೋಯ್ತದೆ. ಯಾಕೆ ಅಂದ್ರೆ ನನ್ ತೂಬು ಮುಚ್ಚಾಕಿಲ್ಲ. ತೂಬು ಮುಚ್ಚೈತೆ ಅಂತಾರೆ, ಅದರ ಕೆಳ್ಗಿನ ಕಾಲ್ವೇಲಿ ಕಪ್ಪೆ ಕೂಗ್ತಾವೆ. ಒಣ್ಗಿರ್ಬೇಕಾದ ಕಾಲ್ವೇಲಿ ಕಪ್ಪೆಗೇನು ಕೆಲ್ಸ? ತೂಬಿನ ಬಾಯಿಗೆ ಕೂರೋ ಮರದ ಬೆಣೆ ಕೊಳ್ತೋಗೈತೆ. ನನ್ನೂರ ನೀರುಗಂಟಿ ಸತ್ತ, ಅವನ ಮಕ್ಳು ಮೈಸೂರಲ್ಲಿ ಮಿಲ್ಲು ಸೇರ್ಕಂಡ್ರು. ಮುಳುಗಿ ಸರಿ ಮಾಡೋರಿಲ್ಲ. ಯಾರ್ಗೆ ಏಳ್ಲಿ? ತೂಬು ಮುಚ್ಚಾಕೂ ಗತಿ ಇಲ್ದಿರೋ ಊರು ಅಂತ ನಗಾಕಿಲ್ವಾ? ಅದ್ಕೇ ಕೋಡಿ ಮ್ಯಾಲೆ ಕಲ್ಲು ಜಡ್ದೆ. ಕೆಳ್ಗೆ ಸೋರೋದ್ನ ಮ್ಯಾಲೆ ತುಂಬ್ಕಳ್ಳಾನ ಅಂತ."

ಯಾರೂ ನಗಲಿಲ್ಲ. ಆಷಾಢದಲ್ಲಿ ನಾನು ಬೀಸಿದ್ದ ಮೂರು ಪ್ರಶ್ನೆಗಳು ನನ್ನ ಕಿವಿಯಲ್ಲಿ ಮತ್ತೆ ಮೊಳಗಿದವು. ಕೆರೆ ಕುಗ್ಗಿರಲಿಲ್ಲ, ಗದ್ದೆ ಹಿಗ್ಗಿರಲಿಲ್ಲ, ಆಸೆಯೂ ಹಿಗ್ಗಿರಲಿಲ್ಲ. ಅಂದು ಪಟೇಲರು ಬಾಯಿ ತೆರೆದು ಮುಚ್ಚಿದ್ದು ಈ ಮಾತನ್ನು ನುಂಗಲಿಕ್ಕೆ. ನನ್ನ ಪ್ರಶ್ನೆಗಳು ಉತ್ತರ ಕೇಳುವುದಕ್ಕಾಗಿ ಹುಟ್ಟಿದವೇ ಆಗಿರಲಿಲ್ಲ.

"ಪಟೇಲರೇ, ನಿಮ್ಮ ಮಾತನ್ನು ಇವರು ಸರಿಯಾಗಿ ಹೇಳಿದರೇ?" ಎಂದು ಕೇಳಿದೆ.

ಪಟೇಲರು ಚಾಪೆಯ ಒಂದು ಎಳೆಯನ್ನು ಕಿತ್ತರು. "ನಾನಾಗಿದ್ರೆ ಈ ಮಾತ್ನ ಏಳ್ತಾನೇ ಇರ್ನಿಲ್ಲ," ಎಂದರು. "ಗೆದ್ದ ಕಣವ್ವ ಅವನು." ಆಮೇಲೆ ತಡವರಿಸಿ, "ಗೆದ್ರು," ಎಂದು ತಿದ್ದಿಕೊಂಡರು.

"ಬೆಣೆ ಮಾಡ್ಸಿ ಬುದ್ಧಿ," ಎಂದರು ನೀರುಗಂಟಿಯವರು. "ಮತ್ತಿ ಮರದ್ದಾಗ್ಲಿ, ನೀರಲ್ಲಿ ಕೊಳ್ಯಾಕಿಲ್ಲ. ನಾನ್ ಮುಳುಗ್ತೀನಿ."

ಹೀಗೆ ನಮ್ಮ ಸಂಘ ಹುಟ್ಟಿತು. ಎರಡು ಊರು, ಎರಡು ಕೆರೆ, ಎರಡಕ್ಕೂ ಸೇರಿ ಒಬ್ಬರೇ ನೀರುಗಂಟಿ. ನಿಬಂಧನೆಗಳನ್ನು ನಾನು ಬರೆದೆ, ಅವುಗಳಲ್ಲಿ ಅರ್ಧವನ್ನು ಊರಿನವರು ಹೊಡೆದುಹಾಕಿದರು, ಉಳಿದರ್ಧ ನಿಜವಾಗಿಯೂ ನಡೆಯಿತು. ಒಂದು ನಿಬಂಧನೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ: ಜಗಳ ಬಂದಾಗ ಮೊದಲು ಜಾಗ ಬದಲಿಸಿ ಮಾತಾಡತಕ್ಕದ್ದು.

ನೀರುಗಂಟಿಯವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗಿದರು. ಹಗ್ಗದ ಇನ್ನೊಂದು ತುದಿ ಪಟೇಲರ ಕೈಯಲ್ಲಿತ್ತು. ಅವರು ನೀರಿನ ಮೇಲೆ ತಲೆ ಎತ್ತುವವರೆಗೂ ಪಟೇಲರು ತಾವೇ ಉಸಿರು ಬಿಗಿಹಿಡಿದು ಕೆಂಪಾಗುತ್ತಿದ್ದರು. ಬೆಣೆ ಕುಳಿತಿತು. ಮೂರನೆಯ ದಿನ ಕಾಲುವೆ ಒಣಗಿ ಕಪ್ಪೆಗಳು ಬೇರೆ ಜಾಗ ನೋಡಿಕೊಂಡವು. ಅದೇ ದಿನ ಮೇಗಲೂರಿನವರು ಕೋಡಿಯ ಮೇಲೆ ತಾವು ಜಡಿದಿದ್ದ ಕಲ್ಲುಗಳನ್ನು ಕಿತ್ತರು.

ಇನ್ನು ಮಳೆಯೊಂದು ಬರಬೇಕಿತ್ತು. ಉತ್ತರೆ ಮಳೆ ತುಂತುರಾಗಿ ಮುಗಿಯಿತು. ಹಸ್ತ ಮಳೆ ಮೇಗಲೂರಿನ ಕೆರೆಯನ್ನು ತುಂಬಿಸಿತು, ಅಲ್ಲಿಂದ ನೀರು ಹೊರಬಿದ್ದು ನಮ್ಮ ಕೆರೆಯತ್ತ ಹರಿಯತೊಡಗಿತು. ನಾನು ದಿನವೂ ಕಚೇರಿಗೆ ಮುನ್ನ ಬನ್ನಿಮಂಟಪದವರೆಗೆ ಜಟಕಾದಲ್ಲಿ, ಅಲ್ಲಿಂದ ನಡೆದು, ಏರಿಯ ಮೇಲೆ ನಿಂತು ನೀರಿನ ಮಟ್ಟ ನೋಡುತ್ತಿದ್ದೆ. ಓವರ್‌ಸೀಯರ್ ಕಡೆಯ ಪರೀಕ್ಷೆಗೆ ಬಂದ ಬೆಳಗ್ಗೆ ನೀರು ಕೋಡಿಯ ಕಲ್ಲಿಗೆ ಎರಡು ಬೆರಳು ಕೆಳಗೆ ನಿಂತಿತ್ತು. ಎರಡೇ ಬೆರಳು!

"ನೋಡಿ, ಪರವಾಗಿಲ್ಲ, ಚೆನ್ನಾಗೇ ಬಂದಿದೆ," ಎಂದರು ಓವರ್‌ಸೀಯರ್. ಕೆಟ್ಟ ಮನುಷ್ಯರಲ್ಲ. "ಆದ್ರೆ ಕೋಡಿ ಬಿದ್ದಿಲ್ವಲ್ರೀ. ಕಂಡದ್ದು ಬರೀಬೇಕು ನಾನು."

ನನ್ನ ನಾಲಿಗೆಯ ತುದಿಗೆ ಇಪ್ಪತ್ತು ವಾದಗಳು ಬಂದವು. ಅಷ್ಟರಲ್ಲಿ ಏರಿಯ ಆ ತುದಿಯಿಂದ, ಮೇಲುಸಿರು ಬಿಡುತ್ತ, ಕೆಸರು ಮೆತ್ತಿದ ಪಂಚೆಯಲ್ಲಿ ಪಟೇಲರು ಬಂದರು. ಮೇಗಲೂರಿನಿಂದ ಹಳ್ಳದ ಗುಂಟ ನಡೆದೇ ಬಂದಿದ್ದರು.

"ಸ್ವಾಮಿ, ಒಂದ್ ಗಳ್ಗೆ ಪೆನ್ನು ಮುಚ್ಕಳಿ. ಬೆಳಗಾಗೋ ಮುಂಚೆ ಅಲ್ಲಿ ಚಿತ್ತೆ ಮಳೆ ಉಯ್ದು ಕೋಡಿ ಮೊಣಕಾಲುದ್ದ ಓಡ್ತಾ ಅದೆ. ನೀರು ನನ್ ಹಿಂದೇನೇ ಬರ್ತಾ ಇತ್ತು. ನಮ್ ಕೆರೆ ಇವತ್ತು ಕೋಡಿ ಬೀಳ್ತದೆ."

"ಪಟೇಲ್ರೇ, ನಿಮ್ ಕೆರೆ ಅಲ್ಲಿ ಮೇಲ್ಗಡೆ ಅಲ್ವೇನ್ರೀ?"

"ಅದೂ ನಮ್ದೇ, ಇದೂ ನಮ್ದೇ. ನಿಮ್ಗೇನ್ ತೊಂದ್ರೆ?"

ನೀರುಗಂಟಿಯವರು ಕೋಡಿಯ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ನೀರಿನ ಅಂಚನ್ನೇ ನೋಡುತ್ತಿದ್ದರು. ಎರಡು ಬೆರಳು ಒಂದಾಯಿತು. ಓವರ್‌ಸೀಯರ್ ಕೊಡೆ ಮಡಿಸಿ ತಾವೂ ಬಗ್ಗಿ ನೋಡತೊಡಗಿದರು. ಕಲ್ಲಿನ ಮೇಲೆ ತೆಳ್ಳನೆಯ ಒದ್ದೆಯೊಂದು ಹರಡಿತು, ಒಂದು ಒಣ ಎಲೆ ಅಲುಗಿ, ತಿರುಗಿ, ಆಚೆಗೆ ಜಾರಿತು. ಅದರ ಹಿಂದೆಯೇ ಕೆರೆ ಕೋಡಿ ಬಿತ್ತು. ಊರಿನವರೆಲ್ಲ ಒಟ್ಟಿಗೆ ಕೂಗಿದರು. ಓವರ್‌ಸೀಯರ್ ಪೆನ್ನು ತೆರೆದು ಕಂಡದ್ದನ್ನು ಬರೆದರು.

ಒಣಗಿದ ಹಳ್ಳಕ್ಕೆ ಮೊದಲ ನೀರು ಬರುವಾಗ ನೀರುಗಂಟಿ ಅದರ ಮುಂದೆ ನಡೆಯಬೇಕು. ಕಸ, ಮುಳ್ಳು, ಅಡ್ಡ ಬಿದ್ದ ಕೊಂಬೆ ಎಲ್ಲವನ್ನೂ ಕೋಲಿನಿಂದ ಸರಿಸಿ ದಾರಿ ಬಿಡಿಸಬೇಕು. ಆ ದಿನ ಮರಳು ಬಹಳ ಕುಡಿಯಿತು, ನೀರು ಹೆಚ್ಚು ದೂರ ಹೋಗಲಿಲ್ಲ. ನಾಲ್ಕನೆಯ ದಿನ ನಮ್ಮ ಹಳ್ಳದ ಕೆಂಪು ನೀರು ಕಾವೇರಿಯ ಅಂಚಿನಲ್ಲಿ ಒಂದು ಪಟ್ಟೆಯಾಗಿ ಹರಿಯುವುದನ್ನು ನಾವು ಮೂವರೂ ಕಂಡೆವು. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಮೊದಲ ದಿನವೇ. ಜನ ನನ್ನ ಸುತ್ತ ನೆರೆದಿದ್ದರು. ಪಟೇಲರು ಕೈಮುಗಿದು, "ಅಮ್ಮಣ್ಣಿ, ಇವತ್ತಾದ್ರೂ ಒಂದ್ ಭಾಷಣ ಆಗ್ಬುಡ್ಲಿ!" ಎಂದರು. ನಾನು ಗಂಟಲು ಸರಿಮಾಡಿಕೊಂಡು ಏರಿಯ ಮೇಲೆ ನೆಟ್ಟಗೆ ನಿಂತೆ. ನದಿಯಿಂದಲೇ ಆರಂಭಿಸುವವಳಿದ್ದೆ.

ಕೆಳಗೆ ಹಳ್ಳದಿಂದ ನೀರುಗಂಟಿಯವರು ಕೋಲೆತ್ತಿ ಕೂಗಿದರು. "ಆಮ್ಯಾಕೆ ಮಾತಾಡೀರಂತೆ, ಬನ್ನಿ ಅವ್ವಾವ್ರೇ! ನೀರು ಮುಂದಕ್ಕೋಯ್ತಾ ಅದೆ!"

ಚಪ್ಪಲಿಗಳನ್ನು ಏರಿಯ ಮೇಲೆಯೇ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ನಾನು ಓಡಿದೆ.